ಹಲ್ಲಿನ ಕ್ಲಿಪ್ಪಿಗೆ ಯಾವ ಬಣ್ಣದ ರಿಂಗು ಹಾಕಿಸಬೇಕು?

ಪ್ರಶ್ನೆ: ನಂದು ಸೇಡಂ, ಕಲಬುರಗ್ಯಾಗ ಹಾಸ್ಟೆಲ್‌ನಾಗ ಇದ್ದು ಸೆಕೆಂಡ್ ಪಿಯುಸಿ ಓದ್ಲಿಕತ್ತೀನಿ. ಹೋದ ತಿಂಗಳ ಹಲ್ಲಿಗಿ ಕ್ಲಿಪ್ ಹಾಕ್ಸೀನಿ. ಬಣ್ಣ ಯಾವ್ದು ಬೇಕಂತ ಡಾಕ್ಟರ್ ಕೇಳಿದ್ರು. ಕಾಣಬಾರ್ದಂತ ನೀರಿನ ಬಣ್ಣದ್ದು ಹಾಕ್ಸಿದೆ. ನಾಕೇ ದಿನದಾಗ ಎಲ್ಲಾ ಹಳದಿ ಆಗಿ ಹಲ್ಲು ತಿಕ್ಕಲಾರದವ್ರಂಗ ಕಾಣ್ಲಿಕತ್ತೀನಿ. ಬರೋ ತಿಂಗಳ 2ನೇ ತಾರೀಖಿಗಿ ಡಾಕ್ಟರ್ ಕರದಾರ, 20ಕ್ಕ ಅಕ್ಕನ ಲಗ್ನ ಅದ. ನಮ್ಮವ್ವ ಈ ಸಲ ಹಾಲಿನಂಗ ಬಿಳೀದು ಹಾಕ್ಸು ಅಂತಾಳ, ಗೆಳತಿ ಕರೀದು ಅಂತಾಳ, ತಮ್ಮ ಆನ್‌ಲೈನ್‌ನಾಗ ಬಣ್ಣದ ರಬ್ಬರ್ ತರಿಸಿ ಮನ್ಯಾಗೇ ಬದಲಿಸ್ತೀನಿ ಅಂತಾನ. ನನ್ನ ಹಲ್ಲು ಮೊದಲೇ ಅಷ್ಟು ಬೆಳ್ಳಗಿಲ್ಲ, ಸಣ್ಣ ಕಂದು ಕಲೆ ಅವ. ಯಾವ ಬಣ್ಣ ಛಲೋ? ಬಣ್ಣದಿಂದ ಹಲ್ಲು ಸರಿಯೋದ್ರಾಗ ಏನರ ಫರಕ್ ಆಗ್ತದೇನು?

ಉತ್ತರ: ಮೊದಲು ಕೊನೆಯ ಪ್ರಶ್ನೆ. ಬಣ್ಣದಿಂದ ಹಲ್ಲು ಸರಿಯುವುದರಲ್ಲಿ ಫರಕ್ ಆಗುವುದಿಲ್ಲ. ಕೆಂಪು ರಿಂಗೂ ಬೂದು ರಿಂಗೂ ಒಂದೇ ವಸ್ತುವಿನವು, ಮಾಡುವ ಕೆಲಸವೂ ಒಂದೇ. ಲಗ್ನಕ್ಕೆ ನನ್ನ ಸಲಹೆ ಕಡು ಬೂದು ಅಥವಾ ಕಡು ನೀಲಿ. ಬಿಳಿ ಬೇಡ, ಕರಿ ಬೇಡ, ತಮ್ಮನ ಉಪಾಯವಂತೂ ಬೇಡವೇ ಬೇಡ.

ಬಣ್ಣ ಆರಿಸುವಾಗ ಹೆಚ್ಚಿನವರು ತಪ್ಪುವುದು ಒಂದೇ ಕಡೆ. ಕುರ್ಚಿಯಲ್ಲಿ ಕೂತು ಕನ್ನಡಿಯಲ್ಲಿ ಆ ಹೊತ್ತಿಗೆ ಚಂದ ಕಂಡದ್ದನ್ನು ಆರಿಸುತ್ತಾರೆ. ಆದರೆ ಆ ರಿಂಗು ಬಾಯಲ್ಲಿ ನಾಲ್ಕರಿಂದ ಆರು ವಾರ ಇರಬೇಕು, ಅಷ್ಟು ದಿನ ನೀವು ಊಟ ಮಾಡಬೇಕು. ನೋಡಬೇಕಾದದ್ದು ಮೂವತ್ತನೇ ದಿನಕ್ಕೆ ಆ ಬಣ್ಣ ಏನಾಗಿರುತ್ತದೆ ಎಂಬುದನ್ನು. ಜೋಳದ ರೊಟ್ಟಿ, ಎಣ್ಣೆಗಾಯಿ, ತೊಗರಿಬೇಳೆಯ ಊರಿನಲ್ಲಿ ಈ ಲೆಕ್ಕ ಇನ್ನೂ ಮುಖ್ಯ. ಕ್ಲಿಪ್ಪಿನ ಬಣ್ಣದ ಬಗ್ಗೆ ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ಅರಿಶಿನವನ್ನು ಅಪರೂಪಕ್ಕೆ ತಿನ್ನುವ ದೇಶದವರು ಬರೆದವು.

ಬಣ್ಣ ಇರುವುದು ಕ್ಲಿಪ್ಪಿಗಲ್ಲ. ಹಲ್ಲಿಗೆ ಅಂಟಿಸಿದ ಚಿಕ್ಕ ಲೋಹದ ತುಂಡು ಬ್ರಾಕೆಟ್. ಅದರ ನಡುವಿನ ಸೀಳಿನಲ್ಲಿ ತಂತಿ ಕೂರುತ್ತದೆ. ತಂತಿ ಹೊರಗೆ ಬರದಂತೆ ಬ್ರಾಕೆಟ್ಟಿನ ನಾಲ್ಕು ರೆಕ್ಕೆಗಳ ಕೆಳಗೆ ಸಿಕ್ಕಿಸುವ ಪುಟ್ಟ ಬಳೆಯೇ ಈ ಬಣ್ಣದ ರಿಂಗು. ಹೊರ ಅಳತೆ ಸುಮಾರು 3 ಮಿಲಿಮೀಟರ್, ಮಾಡಿರುವುದು ರಬ್ಬರಿನಂತೆ ಹಿಗ್ಗುವ ಪ್ಲಾಸ್ಟಿಕ್ ಆದ ಪಾಲಿಯುರೆಥೇನ್‌ನಿಂದ. ಮುಂದಿನ ಆರು ಹಲ್ಲು, ಅವುಗಳ ಹಿಂದೆ ಎರಡೂ ಕಡೆ ಎರಡೆರಡು ಚಿಕ್ಕ ದವಡೆ ಹಲ್ಲು ಸೇರಿದರೆ ಮೇಲೆ 10, ಕೆಳಗೆ 10, ಒಟ್ಟು 20 ರಿಂಗು. ಜಾಗಕ್ಕಾಗಿ ನಾಲ್ಕು ಹಲ್ಲು ಕಿತ್ತಿದ್ದರೆ 16. ಹಿಂದಿನ ದೊಡ್ಡ ದವಡೆ ಹಲ್ಲಿಗೆ ಸಾಮಾನ್ಯವಾಗಿ ಕೊಳವೆ ಇರುತ್ತದೆ, ತಂತಿ ಅದರೊಳಗೆ ತೂರುತ್ತದೆ, ಅಲ್ಲಿ ರಿಂಗು ಬೇಕಿಲ್ಲ. ಶುರುವಿನಲ್ಲಿ ದವಡೆ ಹಲ್ಲುಗಳ ಸಂದಿಯಲ್ಲಿ ಕೆಲವು ದಿನ ನೀಲಿಯೋ ಹಸಿರೋ ರಬ್ಬರ್ ಹಾಕಿದ್ದರೆ ಅದು ಸೆಪರೇಟರ್, ಜಾಗ ಬಿಡಿಸಲು ಹಾಕುವಂಥದ್ದು. ಅದರ ಬಣ್ಣ ಆರಿಸುವ ಪ್ರಶ್ನೆ ಬರುವುದಿಲ್ಲ.

ರಿಂಗನ್ನು ಪ್ರತಿ ಭೇಟಿಯಲ್ಲೂ ಬದಲಿಸುವುದು ಅಂದಕ್ಕಲ್ಲ. ಬಾಯಿಯ ಬಿಸಿ, ಎಂಜಲಿನ ತೇವ, ಎಳೆತ ಮೂರೂ ಸೇರಿ ಅದನ್ನು ಸಡಿಲ ಮಾಡುತ್ತವೆ. ಆರು ವಾರ ದಾಟಿದರೆ ರಿಂಗು ಉಬ್ಬಿ, ಮೆತ್ತಗಾಗಿ, ತಂತಿಯನ್ನು ಸೀಳಿನ ತಳಕ್ಕೆ ಒತ್ತಿ ಹಿಡಿಯುವುದಿಲ್ಲ. ತಿರುಚಿಕೊಂಡ ಹಲ್ಲಿದ್ದರೆ ಅಲ್ಲಿ ಕೆಲಸ ನಿಂತೇ ಹೋಗುತ್ತದೆ. 'ಬಣ್ಣ ಇನ್ನೂ ಛಲೋ ಅದ, ಮುಂದಿನ ತಿಂಗಳ ಹೋದ್ರ ಆಯ್ತು' ಎಂದು ಭೇಟಿ ತಪ್ಪಿಸುವವರು ಚಿಕಿತ್ಸೆಯನ್ನು ತಾವೇ ಉದ್ದ ಮಾಡಿಕೊಳ್ಳುತ್ತಾರೆ. ಒಂದೂವರೆಯಿಂದ ಎರಡು ವರ್ಷದ ಚಿಕಿತ್ಸೆಯಲ್ಲಿ ಹದಿನೈದು ಇಪ್ಪತ್ತು ಸಲ ರಿಂಗು ಬದಲಾಗುತ್ತದೆ. ಹಾಗಾಗಿ ಒಂದು ಸಲ ಬಣ್ಣ ಹಿಡಿಸದಿದ್ದರೆ ಕಣ್ಣೀರು ಹಾಕುವಂಥದ್ದೇನೂ ಇಲ್ಲ.

ಈಗ ಹಳದಿಯ ವಿಚಾರ. ಅರಿಶಿನದ ಬಣ್ಣಕ್ಕೆ ಕಾರಣ ಕರ್ಕ್ಯುಮಿನ್. ಅದು ನೀರಿನಲ್ಲಿ ಕರಗುವುದು ಬಹಳ ಕಮ್ಮಿ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ರಿಂಗಿನ ಪಾಲಿಯುರೆಥೇನ್ ಬಣ್ಣವನ್ನು ಮೇಲೆ ಅಂಟಿಸಿಕೊಳ್ಳುವುದಷ್ಟೇ ಅಲ್ಲ, ಒಳಕ್ಕೂ ಹೀರುತ್ತದೆ. ಒಗ್ಗರಣೆ ಕೊಟ್ಟ ಬೇಳೆಯನ್ನು ಪ್ಲಾಸ್ಟಿಕ್ ಟಿಫಿನ್ ಡಬ್ಬಿಗೆ ಬಿಸಿಬಿಸಿ ಹಾಕಿದರೆ ಒಳಗೆ ಹಳದಿ ಪಟ್ಟೆ ಕೂತು ಎಷ್ಟು ತಿಕ್ಕಿದರೂ ಹೋಗುವುದಿಲ್ಲವಲ್ಲ, ಇಲ್ಲೂ ನಡೆಯುವುದು ಅದೇ. ಆದ್ದರಿಂದ ಅರಿಶಿನ ಎಷ್ಟು ಎನ್ನುವುದಕ್ಕಿಂತ ಅದು ಬಿಸಿ ಎಣ್ಣೆಯ ಜೊತೆ ಬಂತೋ ಇಲ್ಲವೋ ಎನ್ನುವುದು ದೊಡ್ಡದು. ಎಣ್ಣೆ ತೇಲುವ ಬದನೆಕಾಯಿ ಎಣ್ಣೆಗಾಯಿ, ತಹರಿ, ಝುಣಕ, ಒಗ್ಗರಣೆ ಹಾಕಿದ ಸುಸಲಾ ಬೇಗ ಹಿಡಿಯುತ್ತವೆ. ತೆಳ್ಳಗಿನ ಮಜ್ಜಿಗೆ ಸಾರು ಅಷ್ಟು ಹಿಡಿಯುವುದಿಲ್ಲ. ಶೇಂಗಾ ಹಿಂಡಿಯಲ್ಲಿ ಅರಿಶಿನದ ಕಾಟವಿಲ್ಲ, ಖಾರದ ಪುಡಿಯ ಕೆಂಪು ಸ್ವಲ್ಪ ಕೂರುತ್ತದೆ. ನೀರಿನ ಬಣ್ಣದ ರಿಂಗು ಒಂದೆರಡು ಊಟಕ್ಕೇ ತಿರುಗಲು ಶುರುವಾಗುತ್ತದೆ. ನಿಮ್ಮದು ನಾಲ್ಕು ದಿನ ತಡೆದದ್ದೇ ಹೆಚ್ಚು. ಹಲ್ಲು ತಿಕ್ಕುವುದರಲ್ಲಿ ನಿಮ್ಮಿಂದ ಏನೂ ತಪ್ಪಾಗಿಲ್ಲ.

ಇದನ್ನು ತೆಗೆಯಲು ಮನೆಯಲ್ಲಿ ಮಾಡುವ ಪ್ರಯೋಗಗಳು ಬಹಳ. ಅಡುಗೆ ಸೋಡಾ ಹಚ್ಚಿ ತಿಕ್ಕಿದರೆ ಹಳದಿ ಹೋಗುವ ಬದಲು ಕೆಂಪು ಕಂದಿಗೆ ತಿರುಗಬಹುದು. ಅರಿಶಿನಕ್ಕೆ ಸುಣ್ಣ ಸೇರಿ ಕುಂಕುಮವಾಗುವುದೂ ಇದೇ ಗುಣದಿಂದ, ಕ್ಷಾರ ತಾಗಿದರೆ ಕರ್ಕ್ಯುಮಿನ್ ಕೆಂಪಾಗುತ್ತದೆ. ನಿಂಬೆರಸ ಹಚ್ಚಿದರೆ ರಿಂಗಿನ ಬಣ್ಣ ಹೋಗುವುದಿಲ್ಲ, ಬ್ರಾಕೆಟ್ ಸುತ್ತಲಿನ ಹಲ್ಲಿನ ಹೊಳಪು ಪದರ ಸವೆಯುತ್ತದೆ. ಇದ್ದಿಲಿನ ಟೂತ್‌ಪೇಸ್ಟಿನ ಕರಿ ಪುಡಿ ಬ್ರಾಕೆಟ್ ರೆಕ್ಕೆಯ ಕೆಳಗೆ ಸಿಕ್ಕಿಕೊಂಡು ಇನ್ನೊಂದು ಬಣ್ಣ ಸೇರಿಸುತ್ತದೆ. ಬಟ್ಟೆಗೆ ಹತ್ತಿದ ಅರಿಶಿನವಾದರೆ ಬಿಸಿಲಿಗೆ ಹಾಕಿದಾಗ ಮಾಸುತ್ತದೆ, ಬಾಯೊಳಗೆ ಆ ಅನುಕೂಲವಿಲ್ಲ. ಒಮ್ಮೆ ಒಳಕ್ಕಿಳಿದರೆ ರಿಂಗು ಬದಲಿಸುವುದೊಂದೇ ದಾರಿ. ಊಟವಾದ ಕೂಡಲೇ ನೀರು ಬಾಯಿಗೆ ಹಾಕಿ ಜೋರಾಗಿ ಮುಕ್ಕಳಿಸುವುದು, ಆಮೇಲೆ ಬ್ರಷ್ ಮಾಡುವುದು ಇದನ್ನು ನಿಧಾನ ಮಾಡುತ್ತದೆ, ತಡೆಯುವುದಿಲ್ಲ.

ಹಾಗಾದರೆ ಯಾವ ಬಣ್ಣದ ಮೇಲೆ ಹಳದಿ ಕೂತರೆ ಏನಾಗುತ್ತದೆ? ಚಿತ್ರಕಲೆಯ ಪೀರಿಯಡ್ಡಿನಲ್ಲಿ ಕಲಿತ ಬಣ್ಣ ಬೆರೆಸುವ ಲೆಕ್ಕವೇ ಇಲ್ಲಿ ನಡೆಯುತ್ತದೆ. ಆಕಾಶ ನೀಲಿಯ ಮೇಲೆ ಹಳದಿ ಕೂತರೆ ಪಾಚಿ ಹಸಿರು. ತಿಳಿ ಗುಲಾಬಿ ವಾರದೊಳಗೆ ಕಿತ್ತಳೆ ಛಾಯೆಗೆ ಬರುತ್ತದೆ. ಅದು ಅಷ್ಟು ಕೆಟ್ಟದಾಗಿ ಕಾಣುವುದಿಲ್ಲ, ಆದರೆ ನೀವು ಆರಿಸಿದ ಗುಲಾಬಿ ಉಳಿದಿರುವುದಿಲ್ಲ. ತಿಳಿ ನೇರಳೆಯದು ಎಲ್ಲಕ್ಕಿಂತ ಕೆಟ್ಟ ಗತಿ. ನೇರಳೆ, ಹಳದಿ ಒಂದಕ್ಕೊಂದು ವಿರುದ್ಧ ಬಣ್ಣಗಳು, ಸೇರಿದರೆ ಕೆಸರಿನಂಥ ಕಂದು. ಹುಡುಗಿಯರು ಹೆಚ್ಚು ಮೆಚ್ಚಿ ಆರಿಸುವುದೂ ಅದನ್ನೇ. ತಿಳಿ ಬೆಳ್ಳಿ ಬಣ್ಣ ಮೊದಲ ವಾರ ಲೋಹದ ಜೊತೆ ಬೆರೆತು ಹೋಗುತ್ತದೆ, ಎರಡನೇ ವಾರದ ಹೊತ್ತಿಗೆ ಕೊಂಚ ಹಳದಿ ಹಸಿರು ತೋರಿಸುತ್ತದೆ. ಅದಕ್ಕಿಂತ ಒಂದು ಪಟ್ಟು ಗಾಢವಾದ, ಹೊಗೆಯಂಥ ಬೂದು ಬಣ್ಣ ತಿಂಗಳು ಪೂರ್ತಿ ಹಾಗೆಯೇ ನಿಲ್ಲುತ್ತದೆ. ಕಡು ನೀಲಿ, ಕಡು ನೇರಳೆ, ನವಿಲು ನೀಲಿ, ಮರೂನ್ ಇವುಗಳ ಮೇಲೆ ಹಳದಿ ಕೂತರೂ ಕಣ್ಣಿಗೆ ಬೀಳುವುದಿಲ್ಲ. ಕಿತ್ತಳೆ, ಕೆಂಪು ಬಣ್ಣಗಳು ಮೊದಲೇ ಹಳದಿಯ ನೆಂಟರು, ಅವಕ್ಕೂ ತೊಂದರೆಯಿಲ್ಲ.

ಅವ್ವ ಹೇಳಿದ ಹಾಲಿನ ಬಿಳಿಯ ಬಗ್ಗೆ ಎರಡು ಮಾತು. ನೀರಿನ ಬಣ್ಣದ್ದಕ್ಕಿಂತ ಅದರ ಮೇಲೆ ಕಲೆ ತುಸು ತಡವಾಗಿ ಕಾಣಬಹುದು. ಆದರೆ ಮೊದಲ ದಿನದಿಂದಲೇ ಬೇರೊಂದು ತೊಂದರೆ ಕೊಡುತ್ತದೆ. ಯಾರ ಹಲ್ಲೂ ಹಾಲಿನಷ್ಟು ಬಿಳಿ ಇರುವುದಿಲ್ಲ. ಆರೋಗ್ಯವಂತ ಹಲ್ಲಿಗೂ ತುಸು ಹಳದಿ ಛಾಯೆ ಇದ್ದೇ ಇರುತ್ತದೆ, ಕೋರೆಹಲ್ಲಂತೂ ಪಕ್ಕದ ಹಲ್ಲಿಗಿಂತ ಗಾಢ. ಅಪ್ಪಟ ಬಿಳಿ ರಿಂಗು ಪಕ್ಕದಲ್ಲಿ ಕೂತರೆ ಹೋಲಿಕೆಯಲ್ಲಿ ಹಲ್ಲೇ ಹಳದಿಯಾಗಿ ಕಾಣುತ್ತದೆ. ಕಡು ನೀಲಿ, ಕಡು ನೇರಳೆ ಇದಕ್ಕೆ ಉಲ್ಟಾ ಕೆಲಸ ಮಾಡುತ್ತವೆ. ಗಾಢ ಬಣ್ಣದ ಪಕ್ಕದಲ್ಲಿ ಹಲ್ಲು ತಿಳಿಯಾಗಿ ಕಾಣುತ್ತದೆ, ನೀಲಿಯ ತಂಪು ಛಾಯೆ ಹಳದಿಯನ್ನು ಹಿಂದಕ್ಕೆ ತಳ್ಳುತ್ತದೆ.

ಗೆಳತಿಯ ಕರಿ ಬಣ್ಣ ಕಲೆ ಹಿಡಿಯುವುದಿಲ್ಲ ಎನ್ನುವುದು ನಿಜ. ಆದರೆ ನಾಲ್ಕಡಿ ದೂರದಿಂದ ಅದು ರಿಂಗಿನಂತೆ ಕಾಣುವುದಿಲ್ಲ. ಹಲ್ಲಿನ ನಡುವೆ ತೂತಿದ್ದಂತೆ, ಇಲ್ಲವೇ ಗುಟ್ಖಾ ತಿಂದವರ ಬಾಯಿಯಂತೆ ಕಾಣುತ್ತದೆ. ಕಡು ಹಸಿರು ಮೆಂತ್ಯ ಪಲ್ಯ ಸಿಕ್ಕಿಕೊಂಡಂತೆ. ಕಂದು ಬಣ್ಣಕ್ಕೆ ಹುಳುಕಿನ ಹೋಲಿಕೆ ತಪ್ಪಿದ್ದಲ್ಲ. ರಕ್ತಗೆಂಪು ರಿಂಗು ಒಸಡಿಗೆ ಹತ್ತಿರವಾದಾಗ, ಅದರಲ್ಲೂ ಒಸಡು ಸ್ವಲ್ಪ ಊದಿದ್ದರೆ, ರಕ್ತ ಒಸರುತ್ತಿರುವಂತೆ ಭ್ರಮೆ ಹುಟ್ಟಿಸುತ್ತದೆ. ಕೆಂಪೇ ಬೇಕೆಂದರೆ ಮರೂನ್ ಕಡೆ ಸರಿಯಿರಿ. ಇಳಕಲ್ ಸೀರೆಯ ಕೆಂಪಿಗೂ ಅದು ಹೊಂದುತ್ತದೆ. ಆದರೆ ಸೀರೆಗೆ ಹೊಂದಿಸಿ ರಿಂಗು ಹಾಕಿಸುವುದನ್ನು ನಾನು ಒಪ್ಪುವುದಿಲ್ಲ. ಲಗ್ನದಲ್ಲಿ ಎರಡು ದಿನಕ್ಕೆ ನಾಲ್ಕು ಸೀರೆ ಬದಲಾಗುತ್ತವೆ, ರಿಂಗು ಬದಲಾಗುವುದಿಲ್ಲ.

ಕಂದು ಕಲೆಯ ಮಾತು ಬರೆದಿದ್ದೀರಿ. ನೋಡದೆ ಖಚಿತವಾಗಿ ಹೇಳುವಂತಿಲ್ಲ. ಆದರೆ ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳ ಅನೇಕ ಹಳ್ಳಿಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವುದು ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5 ರವರೆಗೆ. ಅದಕ್ಕಿಂತ ಹೆಚ್ಚಿರುವ ನೀರನ್ನು ಹಲ್ಲು ಒಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಕುಡಿದವರ ಹಲ್ಲಿನಲ್ಲಿ ಸುಣ್ಣದಂಥ ಬಿಳಿ ಮಚ್ಚೆ, ಕಂದು ಗೆರೆ ಬರುತ್ತವೆ. ಇದು ಕೊಳೆಯಲ್ಲ, ತಿಕ್ಕಿದರೆ ಹೋಗುವುದಿಲ್ಲ, ಈಗಿನ ವಯಸ್ಸಿನಲ್ಲಿ ಕುಡಿಯುವ ನೀರಿನಿಂದ ಹೊಸದಾಗಿ ಬರುವುದೂ ಇಲ್ಲ. ಇಂಥ ಹಲ್ಲಿಗೆ ಬಿಳಿ, ಹಳದಿ, ಬಂಗಾರದ ಬಣ್ಣ, ಕಂದು ರಿಂಗುಗಳು ಹೊಂದುವುದಿಲ್ಲ, ಮಚ್ಚೆಯನ್ನು ಇನ್ನಷ್ಟು ಎತ್ತಿ ತೋರಿಸುತ್ತವೆ. ಕಡು ನೀಲಿಯಂಥ ಗಟ್ಟಿ ಬಣ್ಣ ನೋಡುವವರ ಕಣ್ಣನ್ನು ಮಚ್ಚೆಯಿಂದ ತನ್ನ ಕಡೆಗೆ ಎಳೆದುಕೊಳ್ಳುತ್ತದೆ.

ಬಣ್ಣಕ್ಕಿಂತ ದೊಡ್ಡ ವಿಷಯವೊಂದು ಇದರೊಂದಿಗೇ ಇದೆ. ಫ್ಲೋರೈಡ್ ಹಿಡಿದ ಹಲ್ಲಿನ ಮೇಲ್ಪದರ ಬ್ರಾಕೆಟ್ ಅಂಟಿಸುವ ಮೊದಲು ಹಚ್ಚುವ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಅಂಟಿನ ಹಿಡಿತ ಕಮ್ಮಿಯಾಗುತ್ತದೆ. ಹಾಗಾಗಿ ಕಲೆ ಹೆಚ್ಚಿರುವವರಲ್ಲಿ ಬ್ರಾಕೆಟ್ ಉದುರುವುದು ತುಸು ಹೆಚ್ಚು. ಕಡಕ್ ರೊಟ್ಟಿಯನ್ನು ಮುಂಹಲ್ಲಿನಲ್ಲಿ ಕಟಕ್ಕೆಂದು ಕಡಿದರೆ ಮುಗಿಯಿತು. ರೊಟ್ಟಿ ಬಿಡಬೇಕಿಲ್ಲ. ಮೆತ್ತನೆಯ ಬಿಸಿ ರೊಟ್ಟಿ ತಿನ್ನಿ, ಕಡಕ್ ಆದರೆ ಮುರಿದು ಬೇಳೆಯಲ್ಲಿ ನೆನೆಸಿ ಹಿಂದಿನ ಹಲ್ಲಿನಲ್ಲಿ ಜಗಿಯಿರಿ. ಹುರಿದ ಶೇಂಗಾ, ಕಬ್ಬು, ಗಟ್ಟಿ ಪೇರಲ ಸದ್ಯಕ್ಕೆ ದೂರ ಇರಲಿ. ಕಲೆಯ ಬಗ್ಗೆ ವೈದ್ಯರಿಗೆ ಹೇಳಿ ಈಗಲೇ ಒಂದು ಫೋಟೋ ತೆಗೆಸಿಕೊಳ್ಳಿ. ಕ್ಲಿಪ್ ತೆಗೆದ ಮೇಲೆ 'ಕ್ಲಿಪ್ಪಿನಿಂದಲೇ ಕಲೆ ಬಂತು' ಎಂಬ ತಕರಾರು ಬರುವುದಿಲ್ಲ.

ಕ್ಲಿನಿಕ್ಕಿನಲ್ಲಿ ಬಣ್ಣ ನೋಡುವ ಕ್ರಮಕ್ಕೆ ಬರೋಣ. ನಿಮ್ಮ ಕೈಗೆ ಕೊಡುವುದು ಸಾಮಾನ್ಯವಾಗಿ ಒಂದು ಕಡ್ಡಿಗೆ ಸಾಲಾಗಿ ಅಂಟಿದ ರಿಂಗುಗಳ ಮಾದರಿ, ಅಥವಾ ಸುತ್ತಲೂ ಬಣ್ಣ ಜೋಡಿಸಿದ ಚಕ್ರ. ಅಲ್ಲಿ ರಿಂಗು ಎಳೆಯದೆ ದಪ್ಪವಾಗಿರುತ್ತದೆ, ಬಣ್ಣ ಗಾಢವಾಗಿ ಕಾಣುತ್ತದೆ. ಬ್ರಾಕೆಟ್ಟಿಗೆ ಹಾಕಿದಾಗ ಅದು ಹಿಗ್ಗಿ ತೆಳ್ಳಗಾಗುತ್ತದೆ, ಬಣ್ಣ ಒಂದು ಪಟ್ಟು ಇಳಿಯುತ್ತದೆ. ಕಡ್ಡಿಯ ಮೇಲೆ ಗಾಢ ಗುಲಾಬಿ ಎನಿಸಿದ್ದು ಹಲ್ಲಿನ ಮೇಲೆ ಸಾದಾ ಗುಲಾಬಿ. ಆದ್ದರಿಂದ ಮನಸ್ಸಿನಲ್ಲಿರುವುದಕ್ಕಿಂತ ಒಂದು ಪಟ್ಟು ಗಾಢವಾದದ್ದನ್ನೇ ಆರಿಸಿ. ಕುರ್ಚಿಯ ಮೇಲಿನ ದೀಪ ತೀರಾ ಬಿಳಿ, ಅದರ ಕೆಳಗೆ ಎಲ್ಲವೂ ಚಂದ. ಮೊದಲು ಮೇಲಿನ ಒಂದೇ ಮುಂಹಲ್ಲಿಗೆ ಹಾಕಲು ಹೇಳಿ. ಚಿಮಟದ ತುದಿಯಲ್ಲಿ ಹಿಡಿದು ನಾಲ್ಕು ರೆಕ್ಕೆಗೆ ಸಿಕ್ಕಿಸಲು ಕೆಲವೇ ಸೆಕೆಂಡು ಸಾಕು. ಕೈಗನ್ನಡಿ ಹಿಡಿದು ಕಿಟಕಿಯ ಬೆಳಕಿನಲ್ಲಿ ನೋಡಿ, ಒಪ್ಪಿಗೆಯಾದರೆ ಉಳಿದ ಹಲ್ಲಿಗೆ. ಇಷ್ಟನ್ನು ಕೇಳಲು ಸಂಕೋಚ ಬೇಡ. ಎಲ್ಲ ಹಾಕಿ ಮುಗಿದ ಮೇಲೆ 'ಬ್ಯಾಡ್ರಿ, ಬದಲಿಸ್ರಿ' ಎನ್ನುವುದಕ್ಕಿಂತ ಇದು ವೈದ್ಯರಿಗೂ ಹಗುರ.

ಎರಡು ಬಣ್ಣ ಹಾಕಿಸುವ ಆಸೆಯಿದ್ದರೆ ಜೋಡಣೆ ಮೊದಲೇ ಹೇಳಬೇಕು. ಒಂದು ತುದಿಯಿಂದ ಒಂದು ಬಿಟ್ಟು ಒಂದರಂತೆ ಹಾಕುತ್ತ ಹೋದರೆ ನಡುವಿನ ಎರಡು ಮುಂಹಲ್ಲಿಗೆ ಬೇರೆ ಬೇರೆ ಬಣ್ಣ ಬಂದು ನಗು ಒಂದು ಕಡೆಗೆ ವಾಲಿದಂತೆ ಕಾಣುತ್ತದೆ. ನಡುವಿನ ಎರಡಕ್ಕೂ ಒಂದೇ ಬಣ್ಣ ಹಾಕಿ ಅಲ್ಲಿಂದ ಎರಡೂ ಕಡೆಗೆ ಬದಲಿಸುತ್ತ ಹೋಗಬೇಕು. ಆಗ ಹತ್ತು ಹಲ್ಲಿನಲ್ಲಿ ಮೊದಲ ಬಣ್ಣದವು 6, ಎರಡನೆಯದು 4 ಆಗುತ್ತವೆ. ಮೊದಲ ಬಣ್ಣ ಕೋರೆಹಲ್ಲಿಗೂ ಬರುವುದರಿಂದ ಅದು ಎರಡರಲ್ಲಿ ಗಾಢವಾದದ್ದಾಗಿರಲಿ, ಕೋರೆಹಲ್ಲಿನ ಹಳದಿ ಛಾಯೆ ಅಷ್ಟು ಕಾಣುವುದಿಲ್ಲ. ಇನ್ನೂ ಸುಲಭದ ದಾರಿ ಮೇಲೆ ಒಂದು ಬಣ್ಣ, ಕೆಳಗೆ ಒಂದು. ನಕ್ಕಾಗ ಎದ್ದು ಕಾಣುವುದು ಮೇಲಿನ ಆರೆಂಟು ಹಲ್ಲು. ಪ್ರಯೋಗ ಮಾಡುವುದಿದ್ದರೆ ಕೆಳಗೆ ಮಾಡಿ. ನವೆಂಬರಿನಲ್ಲಿ ಹಳದಿ ಕೆಂಪು ಬೇಕೆನ್ನುವ ಮಕ್ಕಳು ಇರುತ್ತಾರೆ. ಬಾವುಟದ ಕ್ರಮದಲ್ಲಿ ಹಳದಿ ಮೇಲೆ, ಕೆಂಪು ಕೆಳಗೆ ಬರಬೇಕು, ಹಲ್ಲಿನ ಲೆಕ್ಕಕ್ಕೆ ಅದು ತೀರಾ ಕೆಟ್ಟ ಜೋಡಣೆ. ಮೇಲೆ ಕೆಂಪು, ಕೆಳಗೆ ಹಳದಿ ಹಾಕಿಸಿಕೊಂಡರೆ ಕನ್ನಡಾಂಬೆ ಬೇಸರ ಪಡುವುದಿಲ್ಲ. ಆಗಸ್ಟ್ 15ಕ್ಕೆ ತ್ರಿವರ್ಣ ಹಾಕಿಸಿದವರ ಬಿಳಿ ರಿಂಗು 20ನೇ ತಾರೀಖಿನ ಹೊತ್ತಿಗೆ ಕೇಸರಿಯ ಕಡೆಗೆ ಹೊರಟಿರುತ್ತದೆ.

ಈಗ ನಿಮ್ಮ ತಾರೀಖುಗಳು. 2ಕ್ಕೆ ಭೇಟಿ, 20ಕ್ಕೆ ಲಗ್ನ, ನಡುವೆ ಹದಿನೆಂಟು ದಿನ. ಆರಂಭದ ತಿಂಗಳುಗಳಲ್ಲಿ ಭೇಟಿಯ ದಿನ ತಂತಿಯನ್ನೂ ಬದಲಿಸುವುದು ಸಾಮಾನ್ಯ. ಹೊಸ ತಂತಿಯ ನೋವು ಕೆಲವು ಗಂಟೆಗಳ ಮೇಲೆ ಶುರುವಾಗಿ ಮರುದಿನ ಹೆಚ್ಚುತ್ತದೆ, ಮೂರ್ನಾಲ್ಕು ದಿನದಲ್ಲಿ ಇಳಿಯುತ್ತದೆ. ಆದ್ದರಿಂದ ತಂತಿಯ ಕೆಲಸ 2ಕ್ಕೇ ಮುಗಿಯಲಿ. ಆ ದಿನವೇ ಕಡು ಬೂದು ಅಥವಾ ಕಡು ನೀಲಿ ಹಾಕಿಸಿದರೆ 20ರವರೆಗೆ ಆರಾಮಾಗಿ ಬರುತ್ತದೆ, ಮತ್ತೊಂದು ಸಲ ಹೋಗುವ ಅಗತ್ಯವಿಲ್ಲ. ಇಲ್ಲ, ತಿಳಿ ಬಣ್ಣವೇ ಬೇಕು ಎಂದು ಮನಸ್ಸು ಮಾಡಿದ್ದರೆ 2ಕ್ಕೇ ವೈದ್ಯರಿಗೆ ಹೇಳಿ, 18 ಅಥವಾ 19ಕ್ಕೆ ರಿಂಗು ಮಾತ್ರ ಬದಲಿಸಿಕೊಳ್ಳಲು ಸಮಯ ಕೇಳಿ. ತಂತಿ ಮುಟ್ಟದೆ ರಿಂಗಷ್ಟೇ ಬದಲಿಸಿದರೆ ಹತ್ತು ಹದಿನೈದು ನಿಮಿಷದ ಕೆಲಸ, ನೋವೂ ಇಲ್ಲವೆನ್ನುವಷ್ಟು ಕಮ್ಮಿ. ನಡುವೆ ಬಂದು ಬದಲಿಸಿಕೊಂಡರೆ ಹಣ ತೆಗೆದುಕೊಳ್ಳುತ್ತಾರೋ ಎಂಬುದನ್ನೂ ಅಲ್ಲೇ ಕೇಳಿಬಿಡಿ. ತಿಂಗಳ ಭೇಟಿಯಲ್ಲಿ ಬಣ್ಣಕ್ಕೆಂದೇ ಬೇರೆ ಹಣ ಕೇಳುವುದು ಕಮ್ಮಿ.

ಅರಿಶಿನ ಹಚ್ಚುವ ಶಾಸ್ತ್ರದ ದಿನ ನಗುವಾಗ, ಕಿರುಚುವಾಗ ಅರಿಶಿನ ಬಾಯಿಗೆ ಹೋಗಿಯೇ ಹೋಗುತ್ತದೆ, ಅದರಲ್ಲೂ ಎಣ್ಣೆ ಬೆರೆಸಿದ್ದರೆ. ಮದುಮಗಳ ತಂಗಿಯನ್ನು ಯಾರೂ ಬಿಡುವುದಿಲ್ಲ. ತಿಳಿ ರಿಂಗು ಹಾಕಿಸಿದವರು ಶಾಸ್ತ್ರ ಮುಗಿದ ಮೇಲೆ ಬದಲಿಸಿಕೊಳ್ಳುವಂತೆ ದಿನ ಇಟ್ಟುಕೊಳ್ಳಬೇಕು, ಅದು ಎಷ್ಟು ಮಂದಿಗೆ ಆಗುವ ಮಾತು? ಕಡು ಬಣ್ಣ ಹಾಕಿಸಿ ನಿಶ್ಚಿಂತೆಯಾಗಿರುವುದು ಮೇಲು. ಮಂಟಪದ ಹಳದಿ ದೀಪ, ವಿಡಿಯೋದವರ ಲೈಟು ಇವುಗಳಲ್ಲಿ ಬೂದು ರಿಂಗು ಲೋಹದೊಂದಿಗೆ ಬೆರೆತು ಫೋಟೋದಲ್ಲಿ ಪ್ರತ್ಯೇಕವಾಗಿ ಕಾಣುವುದೇ ಇಲ್ಲ. 'ಕಾಣಬಾರ್ದು' ಎಂದು ನೀವು ನೀರಿನ ಬಣ್ಣದಿಂದ ಬಯಸಿದ್ದನ್ನು ಲೋಹದ ಕ್ಲಿಪ್ಪಿನಲ್ಲಿ ಮಾಡಿಕೊಡುವುದು ಈ ಬೂದು. ನಿಮಗೆ ನನ್ನ ಮೊದಲ ಆಯ್ಕೆಯೂ ಅದೇ. ಲಿಪ್‌ಸ್ಟಿಕ್ ಹಚ್ಚುವುದಾದರೆ ಕಿತ್ತಳೆ ಛಾಯೆಯದು ಬೇಡ, ಹಲ್ಲಿನ ಹಳದಿಯನ್ನು ಅದು ಕೆದಕುತ್ತದೆ. ಗುಲಾಬಿ, ಮರೂನ್ ಇರಲಿ.

ರಿಂಗೇ ಬೇಡ ಎನ್ನುವವರಿಗೆ ಇನ್ನೊಂದು ದಾರಿಯುಂಟು, ಕೂದಲಿನಂಥ ತೆಳು ಸ್ಟೀಲ್ ತಂತಿಯಿಂದ ಬ್ರಾಕೆಟ್ಟನ್ನು ಕಟ್ಟುವುದು. ಅರಿಶಿನ ಅದನ್ನು ಮುಟ್ಟುವುದಿಲ್ಲ, ಹಿಡಿತವೂ ಸಡಿಲವಾಗುವುದಿಲ್ಲ. ಒಂದೊಂದನ್ನೂ ಸುತ್ತಿ ತುದಿ ಮಡಚಬೇಕಾದ್ದರಿಂದ ಸಮಯ ಹೆಚ್ಚು ಹಿಡಿಯುತ್ತದೆ, ಮಡಚಿದ ತುದಿ ಬಿಚ್ಚಿಕೊಂಡರೆ ತುಟಿಗೆ ಚುಚ್ಚುತ್ತದೆ. ಮೇಲಿನ ಆರು ಮುಂಹಲ್ಲಿಗಷ್ಟೇ ಕಟ್ಟಿಸಿಕೊಳ್ಳುವುದೂ ಆಗುತ್ತದೆ, ಕೇಳಿ ನೋಡಿ. ಲೋಹದ ಬದಲು ಹಲ್ಲಿನ ಬಣ್ಣದ ಸೆರಾಮಿಕ್ ಬ್ರಾಕೆಟ್ ಹಾಕಿಸಿದರೆ ಹಳದಿಯಾಗುವುದಿಲ್ಲ ಎಂದು ನಂಬಿ ಹೆಚ್ಚು ಹಣ ಕೊಡುವವರಿದ್ದಾರೆ. ಬ್ರಾಕೆಟ್ ಹಳದಿಯಾಗದಿರಬಹುದು, ಅದರ ಮೇಲಿನ ಪಾರದರ್ಶಕ ರಿಂಗು ನಿಮ್ಮದರಂತೆಯೇ ನಾಲ್ಕು ದಿನಕ್ಕೆ ತಿರುಗುತ್ತದೆ. ತನ್ನದೇ ಬಾಗಿಲು ಮುಚ್ಚಿಕೊಳ್ಳುವ ಸೆಲ್ಫ್ ಲೈಗೇಟಿಂಗ್ ಬ್ರಾಕೆಟ್ಟಿಗೆ ರಿಂಗಿನ ಅಗತ್ಯವೇ ಇಲ್ಲ.

ಮುಂದೆ ಹಲ್ಲುಗಳ ನಡುವಿನ ಜಾಗ ಮುಚ್ಚುವ ಹಂತ ಬಂದಾಗ ಬಿಡಿ ರಿಂಗಿನ ಬದಲು ಒಂದಕ್ಕೊಂದು ಸೇರಿದ ಸರಪಳಿ ಹಾಕುತ್ತಾರೆ, ಅದೇ ಪವರ್ ಚೈನ್. ಅದು ಇಡೀ ಸಾಲಿಗೆ ಒಂದೇ ಬಣ್ಣ, ಒಂದು ಬಿಟ್ಟು ಒಂದರ ಆಟ ಅಲ್ಲಿ ನಡೆಯದು. ಎಷ್ಟೋ ಕಡೆ ಬೂದು, ಪಾರದರ್ಶಕ ಎರಡೇ ಇಟ್ಟಿರುತ್ತಾರೆ. ಆಗ ಬೂದು ಎನ್ನಿ. ಚೈನ್ ತನ್ನ ಎಳೆತದ ಅರ್ಧದಷ್ಟನ್ನು ಮೊದಲ ದಿನದಲ್ಲೇ ಕಳೆದುಕೊಳ್ಳುತ್ತದೆ. ಉಳಿದದ್ದರ ಮೇಲೆ ವಾರಗಟ್ಟಲೆ ಕೆಲಸ ನಡೆಯಬೇಕು. ಆ ಹಂತದಲ್ಲಿ ಭೇಟಿ ತಪ್ಪಿಸಿದರೆ ನಷ್ಟ ಇನ್ನೂ ಹೆಚ್ಚು.

ಕಡು ಬಣ್ಣಕ್ಕೂ ಒಂದು ಕೆಟ್ಟ ಗುಣವಿದೆ. ನೀರಿನ ಬಣ್ಣದ ರಿಂಗಿನ ಸುತ್ತ ಕೊಳೆ ಕೂತರೆ ಕಣ್ಣಿಗೆ ಬೀಳುತ್ತದೆ. ಕಡು ನೀಲಿಯ ಸುತ್ತ ಕೂತದ್ದು ಬೀಳುವುದಿಲ್ಲ. ಬ್ರಾಕೆಟ್ ಮತ್ತು ಒಸಡಿನ ನಡುವಿನ ಆ ಎರಡು ಮಿಲಿಮೀಟರ್ ಪಟ್ಟಿಯಲ್ಲಿ ಕೊಳೆ ವಾರಗಟ್ಟಲೆ ನಿಂತರೆ ಹಲ್ಲಿನ ಸುಣ್ಣ ಕರಗಿ ಬಿಳಿ ಕಲೆ ಮೂಡುತ್ತದೆ. ಕ್ಲಿಪ್ ತೆಗೆದ ಮೇಲೆ ಬ್ರಾಕೆಟ್ ಇದ್ದ ಜಾಗದ ಸುತ್ತ ಚೌಕಟ್ಟು ಬರೆದಂತೆ ಅದು ಉಳಿದುಬಿಡುತ್ತದೆ. ಫ್ಲೋರೈಡ್ ಇರುವ ಪೇಸ್ಟ್ ಬಳಸಿ, ಟ್ಯೂಬಿನ ಮೇಲೆ 1000 ಪಿಪಿಎಂ ಅಥವಾ ಹೆಚ್ಚು ಎಂದಿರಲಿ. ಹಲ್ಲಿಗೆ ಮಚ್ಚೆ ಬಂದದ್ದು ಚಿಕ್ಕಂದಿನಲ್ಲಿ ಕುಡಿದ ನೀರಿನಿಂದಾದರೂ ಈಗ ಪೇಸ್ಟಿನ ಫ್ಲೋರೈಡಿಗೆ ಹೆದರಬೇಕಿಲ್ಲ, ಅದನ್ನು ಉಗುಳುತ್ತೀರಿ. ಬ್ರಷ್ ಅನ್ನು ಮೊದಲು ಬ್ರಾಕೆಟ್ಟಿನ ಮೇಲಿನಿಂದ ಕೆಳಕ್ಕೆ ಓರೆಯಾಗಿ, ಆಮೇಲೆ ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಹಿಡಿದು ತಿಕ್ಕಿ. ತಂತಿಯ ಕೆಳಗೆ, ಎರಡು ಬ್ರಾಕೆಟ್ ನಡುವೆ ಬಾಟಲಿ ತೊಳೆಯುವ ಬ್ರಷ್ಷಿನ ಆಕಾರದ ಪುಟ್ಟ ಇಂಟರ್‌ಡೆಂಟಲ್ ಬ್ರಷ್ ಆಡಿಸಿ. ಔಷಧಿ ಅಂಗಡಿಯ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಅನ್ನು ವೈದ್ಯರು ಹೇಳದೆ ದಿನಾ ಬಳಸಬೇಡಿ. ಚಹಾ ಕುಡಿಯುವವರಲ್ಲಿ ಅದು ಹಲ್ಲಿಗೂ ರಿಂಗಿಗೂ ಕಂದು ಬಣ್ಣ ಹಿಡಿಸುತ್ತದೆ.

ಕೊನೆಗೆ ತಮ್ಮನ ಪಾಕೀಟು. ಒಂದು ರಿಂಗು ತೆಗೆದು ಇನ್ನೊಂದು ಹಾಕುವುದು ನೋಡಲು ಸುಲಭ. ಮನೆಯಲ್ಲಿ ಪಿನ್ನು, ಹುಬ್ಬು ಕೀಳುವ ಚಿಮಟದಿಂದ ಎಳೆಯುವಾಗ ಒತ್ತಡ ಒಂದೇ ರೆಕ್ಕೆಯ ಮೇಲೆ ಬಿದ್ದು ಬ್ರಾಕೆಟ್ಟೇ ಕಿತ್ತು ಬರುತ್ತದೆ. ಎರಡು ಮೂರು ರಿಂಗು ಒಟ್ಟಿಗೆ ತೆಗೆದರೆ ತಂತಿ ಸೀಳಿನಿಂದ ಹಾರಿ ಕೆನ್ನೆಗೆ ಚುಚ್ಚುತ್ತದೆ. ತಿರುಚಿದ ಹಲ್ಲಿಗೆ ವೈದ್ಯರು ರಿಂಗನ್ನು ಎಂಟರ ಆಕಾರದಲ್ಲಿ ತಿರುಗಿಸಿ ಹಾಕಿರಬಹುದು, ಅದು ತಮ್ಮನಿಗೆ ಗೊತ್ತಾಗುವುದಿಲ್ಲ. ಆನ್‌ಲೈನ್ ಪಾಕೀಟು ಎಷ್ಟು ಹಳೆಯದು, ಎಂಥ ಗೋದಾಮಿನಲ್ಲಿತ್ತು ಎಂಬುದೂ ತಿಳಿಯದು. ಈ ರಿಂಗುಗಳನ್ನು ಬಿಸಿಲು ಬೀಳದ ತಂಪು ಜಾಗದಲ್ಲಿ ಮುಚ್ಚಿಡಬೇಕು, ನಮ್ಮ ಕಡೆಯ 42 ಡಿಗ್ರಿ ಬೇಸಿಗೆಯಲ್ಲಿ ಕಾದ ಡಬ್ಬಿಯೊಳಗಿದ್ದ ರಿಂಗು ಹಾಕುವಾಗಲೇ ಹರಿಯಬಹುದು. ಎಲ್ಲಕ್ಕಿಂತ ಅಪಾಯದ್ದು 'ಸಂದಿ ಮುಚ್ಚುವ ರಬ್ಬರ್' ಎಂದು ಮಾರುವ, ನೇರ ಹಲ್ಲಿಗೇ ಸುತ್ತುವ ಬ್ಯಾಂಡುಗಳು. ಹಲ್ಲು ಬೇರಿನ ಕಡೆಗೆ ಸಣ್ಣದಾಗುತ್ತ ಹೋಗುತ್ತದೆ, ರಬ್ಬರ್ ಜಾರಿ ಒಸಡಿನೊಳಗೆ ಕಾಣದಂತೆ ಸೇರಿ ಬೇರಿನ ಸುತ್ತಲಿನ ಎಲುಬನ್ನು ತಿಂದುಹಾಕುತ್ತದೆ. ಗಟ್ಟಿಮುಟ್ಟಾದ ಹಲ್ಲು ಅಲುಗಾಡಿ ಬಿದ್ದ ಪ್ರಕರಣಗಳು ವೈದ್ಯಕೀಯ ಬರಹಗಳಲ್ಲಿ ದಾಖಲಾಗಿವೆ.

ಲಗ್ನದ ಗದ್ದಲದಲ್ಲಿ ಒಂದು ರಿಂಗು ತಾನಾಗಿ ಬಿದ್ದರೆ ಗಾಬರಿ ಬೇಡ. ಹೊಟ್ಟೆಗೆ ಹೋದರೂ ಅಪಾಯವಿಲ್ಲ. ಉಳಿದವು ತಂತಿಯನ್ನು ಹಿಡಿದಿರುತ್ತವೆ, ನಾಲ್ಕೈದು ದಿನ ನಡೆಯುತ್ತದೆ. ಆ ಜಾಗಕ್ಕೆ ದಾರ, ಕೂದಲಿನ ರಬ್ಬರ್ ಕಟ್ಟಬೇಡಿ. ತಂತಿ ಹೊರಬಂದಿದ್ದರೆ, ಎರಡು ಪಕ್ಕದ ರಿಂಗು ಒಟ್ಟಿಗೆ ಹೋಗಿದ್ದರೆ, ಅಥವಾ ಬ್ರಾಕೆಟ್ ತಂತಿಯ ಮೇಲೆ ಸುತ್ತುತ್ತಿದ್ದರೆ ಮಾತ್ರ ಕಾಯದೆ ಕ್ಲಿನಿಕ್ಕಿಗೆ ಫೋನ್ ಮಾಡಿ. 2ನೇ ತಾರೀಖಿಗೆ ಹೋದಾಗ ಆರ್ಥೊಡಾಂಟಿಕ್ ವ್ಯಾಕ್ಸ್, ಅಂದರೆ ಕ್ಲಿಪ್ಪಿಗೆ ಹಚ್ಚುವ ಮೇಣ, ಒಂದು ಡಬ್ಬಿ ಕೇಳಿ ಇಟ್ಟುಕೊಳ್ಳಿ. ಚುಚ್ಚುವ ಜಾಗವನ್ನು ಒರೆಸಿ ಒಣಗಿಸಿ, ಕಡಲೆಕಾಳಿನಷ್ಟು ವ್ಯಾಕ್ಸ್ ಬೆರಳಲ್ಲಿ ನಾದಿ ಅದರ ಮೇಲೆ ಒತ್ತಿದರೆ ಕ್ಲಿನಿಕ್ಕಿಗೆ ಹೋಗುವತನಕ ಸಾಕು. ಊಟಕ್ಕೆ ಕೂರುವ ಮುಂಚೆ ತೆಗೆಯಿರಿ.